ಉಳಿಕೆ ಬಟ್ಟೆಯ ಕಿಟ್ ಮತ್ತು ಪುಟ್ಟ ಕೌದಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೊಟೀಕ್‌ಗಳಲ್ಲಿ ರವಿಕೆ, ಕುರ್ತಾ ಹೊಲಿದಾಗ ಉಳಿಯುವ ತುಂಡುಗಳನ್ನು ಆರಿಸಿ, ಸೂಜಿ ದಾರಗಳ ಜೊತೆ ಡಬ್ಬಿಯಲ್ಲಿ ತುಂಬಿ, ಗೋಡೆಗೆ ತೂಗುಹಾಕುವಂಥ ಪುಟ್ಟ ಕೌದಿ ಹೊಲಿಯುವ ಕಿಟ್ ಎಂದು ಆನ್‌ಲೈನ್‌ನಲ್ಲಿ ಮಾರುವುದು ಈಚೆಗೆ ಹೆಚ್ಚಾಗಿದೆ. ನಾನು ತರಿಸಿಕೊಂಡದ್ದು ಅಂಥದೇ ಒಂದು; ಬೆಲೆ 650 ರೂಪಾಯಿ, ಕೊರಿಯರ್ ವೆಚ್ಚ ಬೇರೆ. ಹೆಚ್ಚುಕಡಿಮೆ ಒಂದೇ ಬಗೆಯ ಕಿಟ್‌ಗಳನ್ನು ಹಲವರು ಮಾರುತ್ತಿರುವುದರಿಂದ ಮಾರಾಟಗಾರರ ಹೆಸರನ್ನು ಬಿಟ್ಟು, ಒಳಗಿನ ಸಾಮಗ್ರಿಯ ಗುಣದೋಷಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ಬರೆಯುವುದನ್ನೋ ಕಸೂತಿಯನ್ನೋ ಬಿಟ್ಟು ವರ್ಷಗಳಾದವರ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ ಎಂಬುದು ಡಬ್ಬಿಯ ಮೇಲಿನ ಭರವಸೆ. ಆ ಭರವಸೆ ಸುಳ್ಳಲ್ಲ. ಆದರೆ ಅದನ್ನು ಈಡೇರಿಸುವುದು ಒಳಗಿರುವ ಬಟ್ಟೆಯ ತುಂಡುಗಳೇ ಹೊರತು, ಜೊತೆಗೆ ಬಂದಿರುವ ವಿನ್ಯಾಸದ ಹಾಳೆಯಲ್ಲ.

ಮೊದಲು ತುಂಡುಗಳ ಮಾತು. ಪ್ರಿಂಟೆಡ್ ಕಾಟನ್ ಹೆಚ್ಚಿನ ಪಾಲು. ಅವುಗಳ ನಡುವೆ ಬೆರಳಗಲದ ಖಣದ ಪಟ್ಟಿಗಳು, ಇಳಕಲ್ ಸೀರೆಯ ಸೆರಗಿನದೆಂದು ಕಂಡ ಕೂಡಲೇ ಗುರುತು ಹತ್ತುವ ಕೆಂಪು ಬಿಳಿಯ ಒಂದು ಚೂರು, ರವಿಕೆಯ ಬೆನ್ನಿನ ಕೊರಳು ತೆಗೆದಾಗ ಉಳಿದ ಅರ್ಧಚಂದ್ರಾಕಾರದ ತುಂಡುಗಳು. ಈ ಅರ್ಧಚಂದ್ರಗಳೇ ಇಡೀ ಡಬ್ಬಿಯ ಅತ್ಯುತ್ತಮ ವಸ್ತು ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಂಥ ಆಕಾರವನ್ನು ಯಾರೂ ಬೇಕೆಂದು ಕತ್ತರಿಸಿರುವುದಿಲ್ಲ, ಹಾಗಾಗಿ ಅದನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸುವುದರಲ್ಲೇ ಕಲೆಯ ಕೆಲಸ ಶುರುವಾಗಿಬಿಡುತ್ತದೆ. ಆಕ್ಷೇಪಣೆಯೂ ಇದೆ. ಕಾಟನ್ ಜೊತೆ ಪಾಲಿಯೆಸ್ಟರ್ ಚೂರುಗಳನ್ನು ಬೆರೆಸಿದ್ದಾರೆ. ಒಗೆದಾಗ ಕಾಟನ್ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ನಡುವಿನ ಹೊಲಿಗೆ ಸುಕ್ಕುಗಟ್ಟುತ್ತದೆ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒತ್ತಿ ನೋಡಿದಾಗ ಒಂದು ಕಡುಗೆಂಪು ತುಂಡು ಧಾರಾಳವಾಗಿ ಬಣ್ಣ ಬಿಟ್ಟಿತು. ಹೊಲಿಗೆಗೆ ಕೂರುವ ಮೊದಲು ಎಲ್ಲ ಗಾಢ ಬಣ್ಣಗಳನ್ನೂ ಹೀಗೆ ಪರೀಕ್ಷಿಸಿ, ಬೇರೆಯಾಗಿ ಒಗೆದು, ಇಸ್ತ್ರಿ ಮಾಡಿಕೊಳ್ಳುವುದು ಲೇಸು. ಕಿಟ್‌ನ ಸೂಚನೆಗಳಲ್ಲಿ ಈ ವಿಷಯವೇ ಇಲ್ಲ.

ಇನ್ನು ವಿನ್ಯಾಸದ ಹಾಳೆ. ಹೂಕುಂಡದ ಚಿತ್ರವೊಂದನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕಿ ಕೊಟ್ಟು, ಯಾವ ಅಂಕಿಗೆ ಯಾವ ಬಣ್ಣದ ಬಟ್ಟೆ ಎಂಬುದನ್ನೂ ಅವರೇ ಬರೆದಿದ್ದಾರೆ. ಹೇಳಿದಂತೆ ಕತ್ತರಿಸಿ ಜೋಡಿಸಿದರೆ ಡಬ್ಬಿಯ ಮೇಲಿನ ಹೂಕುಂಡವೇ ಗೋಡೆಯ ಮೇಲೂ ಬರುತ್ತದೆ, ಹೊಲಿದವರಿಗೆ ಹೊಲಿಗೆಯ ಅಭ್ಯಾಸವಾಗುತ್ತದೆ, ಅಷ್ಟೇ. ಬಣ್ಣ, ಆಕಾರ, ಜಾಗ ಈ ಮೂರನ್ನೂ ಬೇರೆಯವರು ನಿರ್ಧರಿಸಿಟ್ಟ ಮೇಲೆ ಸೃಜನಶೀಲತೆಗೆ ಉಳಿಯುವ ಕೆಲಸ ಯಾವುದು ಎಂದು ಕೇಳಬೇಕಾಗುತ್ತದೆ. ಇದಕ್ಕಿಂತ ಬೇಸರದ ಸಂಗತಿಯೆಂದರೆ, ಹಾಳೆಯ ಅಚ್ಚಿಗೆ ಹೊಂದಿಸಲು ಆ ಚೆಂದದ ಅರ್ಧಚಂದ್ರಗಳನ್ನು ಚೌಕಗಳಾಗಿ ಕತ್ತರಿಸಬೇಕಾಗುತ್ತದೆ.

ಹಾಳೆಯನ್ನು ಬದಿಗಿಟ್ಟು ಏನು ಮಾಡಬಹುದು ಎಂಬುದಕ್ಕೆ ಮಾದರಿ ನಮ್ಮಲ್ಲೇ ಇದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ‘ಕವಂದಿ’ ಎಂಬ ಕೌದಿಯಲ್ಲಿ ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡುಗಳ ಅಂಚನ್ನು ಒಳಕ್ಕೆ ಮಡಚುತ್ತಾ, ರನ್ನಿಂಗ್ ಸ್ಟಿಚ್ ಹಾಕಿಕೊಂಡು ಅಂಚಿನುದ್ದಕ್ಕೂ ಸುತ್ತು ಬಂದು, ಸುತ್ತು ಸುತ್ತಾಗಿ ಒಳಕ್ಕೆ ಸರಿಯುತ್ತಾ ಕೊನೆಗೆ ನಡುಭಾಗವನ್ನು ತಲುಪುತ್ತಾರೆ. ತುಂಡನ್ನು ಕೂರಿಸುವುದೂ ಪದರಗಳನ್ನು ಬಿಗಿಯುವುದೂ ಅದೇ ಹೊಲಿಗೆಯಿಂದ ಆಗುವುದರಿಂದ ಎರಡೆರಡು ಕೆಲಸವಿಲ್ಲ. ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮಾಡಿದ ತ್ರಿಕೋನದ ‘ಫುಲಾ’ ಸೇರಿಸಿದ ಮೇಲೆಯೇ ಕವಂದಿ ಪೂರ್ತಿಯಾದಂತೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳಿಂದ ಹೊಲಿಯುವ ಕೌದಿಯನ್ನು ಕಂಡವರಿಗೆ ಇದರ ಬಹುಪಾಲು ಹೊಸದೆನಿಸಲಾರದು.

ಈ ಕ್ರಮವನ್ನು ಎಂಟು ಇಂಚಿನ ಚೌಕಕ್ಕೆ ಇಳಿಸಿದಾಗ ಕಿಟ್‌ನ ತುಂಡುಗಳಿಗೆ ನಿಜವಾದ ಬೆಲೆ ಬರುತ್ತದೆ. ಮುಂದಿನ ತುಂಡು ಯಾವುದು ಎಂಬ ಪ್ರಶ್ನೆಗೆ ಈಗಷ್ಟೇ ಹೊಲಿದ ತುಂಡೇ ಉತ್ತರ ಸೂಚಿಸುತ್ತದೆ: ಖಣದ ನೇರಳೆಯ ಪಕ್ಕದಲ್ಲಿ ಸಾಸಿವೆ ಹಳದಿ ಚೆನ್ನಾಗಿ ಕಾಣುತ್ತದೆಯೋ ಮಸುಕಾದ ಬೂದುಬಣ್ಣವೋ ಎಂದು ಇಟ್ಟು ನೋಡಬೇಕು, ತೆಗೆಯಬೇಕು, ಮತ್ತೆ ಇಡಬೇಕು. ಖಾಲಿ ಕ್ಯಾನ್ವಾಸಿನ ಮುಂದೆ ಹಿಂಜರಿಯುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಇಲ್ಲಿ ಲೋಕದ ಎಲ್ಲ ಬಣ್ಣಗಳಿಂದ ಒಂದನ್ನು ಆರಿಸಬೇಕಾಗಿಲ್ಲ, ಮುಂದಿರುವ ಇಪ್ಪತ್ತು ಮೂವತ್ತು ಚೂರುಗಳಿಂದ ಆರಿಸಿದರೆ ಸಾಕು. ಚೆನ್ನಾಗಿ ಬರದಿದ್ದರೆ ಕಳೆದುಹೋಗುವುದು ಚಿಂದಿಯೇ ಹೊರತು ಮೀಟರ್ ಲೆಕ್ಕದ ಬಟ್ಟೆಯಲ್ಲ. ಹಾಸಿಗೆಯಗಲದ ಕೌದಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪುಟ್ಟ ಚೌಕವಾದರೆ ಬೇಸರ ಹುಟ್ಟುವ ಮೊದಲೇ ಮುಗಿಯುತ್ತದೆ, ಅದರಲ್ಲಿ ಹೊಳೆದದ್ದನ್ನು ಮುಂದಿನದರಲ್ಲಿ ಪ್ರಯೋಗಿಸಬಹುದು.

ಅರ್ಧಚಂದ್ರದ ತುಂಡುಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಅವುಗಳ ಅಂಚಿನ ಬಹುಭಾಗ ಕ್ರಾಸ್ ಆಗಿ, ಅಂದರೆ ಬಟ್ಟೆಯ ಎಳೆಗಳಿಗೆ ಓರೆಯಾಗಿ, ಕತ್ತರಿಸಲ್ಪಟ್ಟಿರುವುದರಿಂದ ಎಳೆದರೆ ಹಿಗ್ಗುತ್ತವೆ. ಮೊದಲು ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ, ಆಮೇಲೆ ಹೊಲಿಯಬೇಕು. ಖಣದ ಪಟ್ಟಿಗಳಿಂದ ಎಳೆ ಬಿಡುವುದು ಹೆಚ್ಚು, ಅಂಚಿಗೆ ಕಾಲು ಇಂಚಾದರೂ ಬಿಟ್ಟು ಮಡಚದಿದ್ದರೆ ಹೊಲಿಗೆ ಬಾಳುವುದಿಲ್ಲ. ಕಸೂತಿ ಬಲ್ಲವರು ಗಾವಂತಿ ಹೊಲಿಗೆಯನ್ನೋ ಮುರ್ಗಿ ಹೊಲಿಗೆಯನ್ನೋ ಸೇರಿಸಲು ಆಸೆಪಟ್ಟರೆ, ಅದನ್ನು ಬಿಡಿ ತುಂಡಿನ ಮೇಲೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಎಳೆ ಎಣಿಸಿ ಹಾಕುವ ಆ ಹೊಲಿಗೆ ದಪ್ಪ ಪದರಗಳ ಮೇಲೆ ಸಾಗುವುದಿಲ್ಲ.

ಉಳಿದ ಸಾಮಗ್ರಿ ಸಾಧಾರಣ. ಆರು ಎಳೆಗಳ ಕಸೂತಿ ದಾರ ಗಟ್ಟಿಯಾಗಿದೆ. ಎರಡು ಎಳೆ ಬಿಡಿಸಿಕೊಂಡು ಹೊಲಿದರೆ ಹೊಲಿಗೆ ಕಣ್ಣಿಗೂ ಕಾಣುತ್ತದೆ, ಬಟ್ಟೆಯನ್ನೂ ಎಳೆಯುವುದಿಲ್ಲ. ಸೂಜಿ ತೀರ ದಪ್ಪ, ಖಣದಲ್ಲಿ ತೂತು ಉಳಿಸುತ್ತದೆ, ಮನೆಯಲ್ಲಿರುವ ತೆಳು ಸೂಜಿಯನ್ನೇ ಬಳಸುವುದು ಉತ್ತಮ. ಒಳಗೆ ಹಾಕಲು ಕೊಟ್ಟಿರುವ ಸಿಂಥೆಟಿಕ್ ಹಾಸು ಉಬ್ಬಿಕೊಂಡು ಕೌದಿಯನ್ನು ಪುಟ್ಟ ದಿಂಬಿನಂತೆ ಮಾಡುತ್ತದೆ. ಅದರ ಬದಲು ಹಳೆಯ ಕಾಟನ್ ಪಂಚೆಯ ಎರಡು ಪದರ ಹಾಕಿದರೆ ಚೌಕ ಗೋಡೆಯ ಮೇಲೆ ಸಪಾಟಾಗಿ ಕೂರುತ್ತದೆ.

ಮನೆಯಲ್ಲಿ ಹೊಲಿಗೆ ಯಂತ್ರವಿದ್ದು ಚಿಂದಿಯ ಗಂಟು ಕಪಾಟಿನಲ್ಲಿರುವವರು ಈ ಕಿಟ್ಟಿಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಪರಿಚಯದ ದರ್ಜಿಯನ್ನು ಕೇಳಿದರೂ ಒಂದು ಚೀಲ ತುಂಡುಗಳು ಸಿಕ್ಕಾವು. ಊರಿನಿಂದ ದೂರದಲ್ಲಿದ್ದು, ಖಣವಾಗಲಿ ಇಳಕಲ್ಲಿನ ಚೂರಾಗಲಿ ಕೈಗೆ ಸಿಗದ ಕನ್ನಡಿಗರಿಗೆ ಕೊಡಬಹುದಾದ ಬೆಲೆಯೇ. ಅಂಥವರು ಕೊಳ್ಳುವಾಗ ಪಾಲಿಯೆಸ್ಟರ್ ಬೇಡವೆಂದು ಮಾರಾಟಗಾರರಿಗೆ ಮೊದಲೇ ಬರೆದು ತಿಳಿಸುವುದು ಒಳ್ಳೆಯದು. ಮಾರಾಟಗಾರರು ಹಾಳೆ, ಹಾಸು, ಸೂಜಿಗಳನ್ನು ಕೈಬಿಟ್ಟು ತುಂಡು ಮತ್ತು ದಾರವನ್ನಷ್ಟೇ 300 ರೂಪಾಯಿಗೆ ಕೊಟ್ಟರೆ, ಇನ್ನೊಂದು ಡಬ್ಬಿಯನ್ನು ನಾನೂ ತರಿಸಿಕೊಳ್ಳುತ್ತೇನೆ.