ವಾರ್ಫರಿನ್ ಮತ್ತು ಅಪಿಕ್ಸಬಾನ್: ಯಾರಿಗೆ ಯಾವುದು ಹೊಂದುತ್ತದೆ?

ತಂದೆಯವರ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಅಪಿಕ್ಸಬಾನ್ ಎಂಬ ಎರಡು ಮಾತ್ರೆಗಳಲ್ಲಿ ಯಾವುದು ಲೇಸು ಎಂದು ಚಿಂಚೋಳಿಯಿಂದ ಕೇಳಿದ್ದೀರಿ.

ಬೆಲೆಯಲ್ಲಿ ವಾರ್ಫರಿನ್ ಅಗ್ಗ. ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ) 2ರಿಂದ 3ರ ನಡುವೆ ಇದೆಯೇ ಎಂದು ಪದೇ ಪದೇ ರಕ್ತ ಪರೀಕ್ಷಿಸಬೇಕು. ಅದಕ್ಕಾಗಿ ಕಲಬುರಗಿಗೆ ಬಸ್ಸು ಹತ್ತುವುದಾದರೆ ಒಂದು ದಿನದ ಕೂಲಿಯೂ ಹೋಗುತ್ತದೆ, ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪಿಕ್ಸಬಾನ್‌ಗೆ ಆ ಪರೀಕ್ಷೆ ಬೇಕಿಲ್ಲ.

ಊಟದ ವಿಷಯ ಇನ್ನೂ ಸೂಕ್ಷ್ಮವಾದುದು. ರಕ್ತ ಹೆಪ್ಪುಗಟ್ಟಲು ಬೇಕಾದ, ಸೊಪ್ಪಿನಲ್ಲಿ ಹೆಚ್ಚಾಗಿರುವ ವಿಟಮಿನ್ ಕೆ ಕೆಲಸವನ್ನು ವಾರ್ಫರಿನ್ ತಡೆಯುವುದರಿಂದ, ಒಂದು ವಾರ ರೊಟ್ಟಿಯ ಜೊತೆ ದಿನವೂ ಪಾಲಕ್, ಮೆಂತ್ಯೆ ಪಲ್ಯ ಉಂಡು ಮರುವಾರ ಬರೀ ಬೇಳೆ ಉಂಡರೆ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ಒಂದೇ ತೆರನಾಗಿರಲಿ.

ಅಪಿಕ್ಸಬಾನ್ ದಿನಕ್ಕೆ ಎರಡು ಬಾರಿ. ಅದರ ಪರಿಣಾಮ ಬೇಗ ಇಳಿಯುವುದರಿಂದ, ಮಾತ್ರೆ ಮರೆಯುವವರಿಗೆ ಅಪಾಯ ಹೆಚ್ಚು.

ಲೋಹದ ಹೃದಯ ಕವಾಟವಿದ್ದವರಿಗೆ ವಾರ್ಫರಿನ್ನೇ ಬೇಕು. ದೇಹದ್ದೇ ಪ್ರತಿಕಾಯಗಳು ರಕ್ತವನ್ನು ಹೆಪ್ಪುಗಟ್ಟಿಸುವ ಕಾಯಿಲೆಯಾದ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನಲ್ಲಿ, ಅದರಲ್ಲೂ ಮೂರೂ ಪ್ರತಿಕಾಯ ಪರೀಕ್ಷೆಗಳು ಪಾಸಿಟಿವ್ ಇದ್ದಾಗ, ಅದಕ್ಕೇ ಆದ್ಯತೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. ಇವು ಯಾವುವೂ ಇಲ್ಲದೆ, ಮೂತ್ರಪಿಂಡ, ಯಕೃತ್ತು ಚೆನ್ನಾಗಿದ್ದು, ಲ್ಯಾಬ್ ದೂರವಿರುವ ನಿಮ್ಮ ತಂದೆಯವರಂಥವರಿಗೆ ಅಪಿಕ್ಸಬಾನ್ ಅನುಕೂಲವೆಂದು ನನಗನ್ನಿಸುತ್ತದೆ. ವೈದ್ಯರೊಡನೆ ಇದನ್ನೇ ಚರ್ಚಿಸಿ.

ಯಾವುದನ್ನೇ ತೆಗೆದುಕೊಂಡರೂ, ಮೊಣಕಾಲು ಬಾವಿಗೆಂದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯನ್ನು ತಂದೆಯವರು ಅಂಗಡಿಯಿಂದ ತಾವಾಗಿಯೇ ತಂದು ನುಂಗದಂತೆ ನೋಡಿಕೊಳ್ಳಿ, ಹೊಟ್ಟೆಯೊಳಗೆ ರಕ್ತಸ್ರಾವವಾದೀತು.