ಆಲೂಗಡ್ಡೆಯೋ, ಈರುಳ್ಳಿಯೋ? ಯುದ್ಧಕಾಲದ ಬ್ರಿಟನ್ನಿನ ಹಿತ್ತಲ ಲೆಕ್ಕ

1940ರಲ್ಲಿ ಫ್ರಾನ್ಸ್ ಜರ್ಮನಿಯ ಕೈಸೇರಿತು. ಅಲ್ಲಿನ ಕರಾವಳಿಯಿಂದ ಬ್ರಿಟನ್ನಿಗೆ ಬರುತ್ತಿದ್ದ ಈರುಳ್ಳಿಯೂ ನಿಂತಿತು. ಆಲೂಗಡ್ಡೆಗೆ ಮಾತ್ರ ಯುದ್ಧ ಮುಗಿಯುವವರೆಗೂ ರೇಷನ್ ಇರಲಿಲ್ಲ.

ಹೊಟ್ಟೆ ತುಂಬಿಸುವುದರಲ್ಲಿ ಆಲೂಗಡ್ಡೆಯೇ ಮುಂದು. ಹುಲ್ಲುಹಾಸು ಅಗೆದ ಹೊಸ ನೆಲದಲ್ಲೂ ಬರುತ್ತದೆ, ಬುಡಕ್ಕೆ ಮಣ್ಣೇರಿಸುವಾಗ ಕಳೆಯೂ ಹೋಗುತ್ತದೆ. ಆದರೆ ಮಳೆ ಹಿಡಿದರೆ ಅಂಗಮಾರಿ ರೋಗದ ಭಯ. ಗಡ್ಡೆ ಬೆಳಕಿಗೆ ಬಿದ್ದರೆ ಹಸಿರಾಗಿ ವಿಷ. ಈರುಳ್ಳಿಗೆ ಹದವಾದ ಮಣ್ಣು, ಬಿಸಿಲು, ಪದೇಪದೇ ಕಳೆ ಕೀಳುವ ತಾಳ್ಮೆ ಬೇಕು. ಚೆನ್ನಾಗಿ ಒಣಗಿಸಿ, ಜಡೆ ಹೆಣೆದು ತೂಗುಹಾಕಿದರೆ ಚಳಿಗಾಲ ಕಳೆಯುತ್ತದೆ.

ಊರಾಚೆ ಬಾಡಿಗೆ ತುಂಡುಭೂಮಿ, ಅಂದರೆ ಸುಮಾರು 250 ಚದರ ಮೀಟರ್, ಸಿಕ್ಕವರಿಗೆ ಈ ಚಿಂತೆಯೇ ಇಲ್ಲ, ಎರಡನ್ನೂ ಹಾಕಬಹುದು. ಕೈಯಗಲ ಹಿತ್ತಲಾದರೆ ನನ್ನ ಮತ ಈರುಳ್ಳಿಗೇ. ಆಲೂಗಡ್ಡೆ ಅಂಗಡಿಯಲ್ಲಿ ಸಿಗುತ್ತಿತ್ತಲ್ಲ!