ಚಳ್ಳಕೆರೆ ಕರಿ ಕಂಬಳಿ: ಎಂಟು ತಿಂಗಳು ಹೊದ್ದ ಮೇಲೆ

ಚಳ್ಳಕೆರೆ ಸಂತೆಯಲ್ಲಿ 2,200 ರೂಪಾಯಿ ಕೊಟ್ಟು ತಂದ ಕೈಮಗ್ಗದ ಕಂಬಳಿ. ಮೊದಲೇ ಹೇಳಿಬಿಡ್ತೀನಿ, ಚುಚ್ಚುತ್ತೆ. ಹುಣಸೆಬೀಜದ ಗಂಜಿ ಕುಡಿಸಿರ್ತಾರೆ, ಹೊಸದರಲ್ಲಿ ಹಪ್ಪಳದ ಹಾಗೆ ಸೆಟೆದುಕೊಂಡಿರುತ್ತೆ. ಆದರೆ ಮಳೆನೀರು ಬೇಗ ಒಳಗಿಳಿಯಲ್ಲ. ಸೋಪಿನಪುಡಿಯಲ್ಲಿ ನೆನೆಸಿದಿರೋ, ಗಂಜಿ ಹೋಯ್ತು.

ಇದಕ್ಕೂ ಮುಂಚೆ ದಾವಣಗೆರೆಯಲ್ಲೇ ಒಂದು ಮೇಳದಲ್ಲಿ 'ಅಪ್ಪಟ ಉಣ್ಣೆ' ಅಂತ ತಂದು ಟೋಪಿ ಹಾಕಿಸ್ಕೊಂಡಿದ್ದೆ. ಎಳೆ ಕಿತ್ತು ಕಡ್ಡಿ ಗೀರಿದರೆ ಕರಗಿ ಗಟ್ಟಿ ಗುಂಡಾಯ್ತು. ಉಣ್ಣೆಯಾದರೆ ಸುಟ್ಟ ಕೂದಲಿನ ನಾತ ಬರುತ್ತೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತೆ. ಈ ಸಲ ಮಾರೋ ಅಜ್ಜಿನೇ "ಸುಟ್ಟು ನೋಡಪ್ಪ, ಆಮೇಲೆ ರೊಕ್ಕ ಕೊಡು" ಅಂತು.

ಜೂನಲ್ಲಿ ಮಹಡಿ ಮೇಲೆ ಬಿಸಿಲಿಗೆ ಹಾಕಿ ಮರೆತೆ. ಮಳೆ ಹೊಡೀತು. ತಂದು ಬಾಗಿಲ ಮೇಲೆ ಹರವಿದ್ದೇ ತಡ, ಒಣಗಿದ್ದಾಗ ತೆಪ್ಪಗಿದ್ದ ಕಂಬಳಿ ಮನೆ ತುಂಬ ನಾತ ಬಿಡ್ತು. ಕುರಿಮೈಯ ಜಿಡ್ಡು, ಗಂಜಿಯ ಹುಳಿ, ಹೊಗೆಯಂಥದ್ದೇನೋ.

ನಾನು ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು ಅನ್ನೋ ಹುಲ್ಲುಗಾವಲಿನ ಅಂಚಿನ ಊರಿನೋನು. ಅಜ್ಜ ಕುರಿ ಬಿಟ್ಕೊಂಡು ಹೋಗೋನು. ಮಳೆ ಬಂದರೆ ಕಂಬಳಿ ಕೊಪ್ಪೆ ಹಾಕಿ ಕುಕ್ಕುರುಗಾಲಲ್ಲಿ ಕೂತು ನನ್ನನ್ನೂ ಒಳಗೆ ಎಳ್ಕೊಳ್ಳೋನು. ಆ ಕತ್ತಲೆಯ ಕಂಡಿಯಿಂದ ನೋಡಿದರೆ ಬರೀ ಹುಲ್ಲು. ಕಣ್ಣಿಗೆ ಅಡ್ಡ ಒಂದು ಮರವಿಲ್ಲ. ದೂರದಲ್ಲಿ ಮಳೆ ಬೆಳ್ಳಗೆ ನಡಕೊಂಡು ಬರೋದು. ಕುರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿ, ಬೆನ್ನ ಮೇಲೆ ಆವಿ ಎದ್ದು, ಮಿಸುಕದೆ ನಿಲ್ಲೋವು. ಒಳಗೆ ಇದೇ ನಾತ, ಜೊತೆಗೆ ಅಜ್ಜನ ಬೀಡಿ.

ಆ ಕಡೆಯ ಸಾವಿರಾರು ಎಕರೆಗೆ ಈಗ ಕಾಂಪೌಂಡು ಬಂದಿದೆ. ವಿಮಾನ ಪರೀಕ್ಷೆ ಮಾಡೋ ರನ್‌ವೇ 2017ರಲ್ಲಿ ಶುರುವಾಯ್ತು. ಅದೂ ದೇಶಕ್ಕೆ ಬೇಕಾದ್ದೇ, ಇರಲಿ. ನನ್ನ ಮಗನಿಗೆ ಆ ಜಾಗ ಅಂದರೆ ಬಸ್ಸಿನ ಕಿಟಕಿಯಾಚೆ ಓಡೋ ಗೋಡೆ. ಕುರಿ ಬಗ್ಗೆ ಕೇಳಿದ. ಗೋಡೆ ತೋರಿಸಿ ಏನು ಹೇಳೋದು ಅಂತ ಕಡಲೆಕಾಯಿ ಕೊಡಿಸಿದೆ.

ನನ್ನ ಹೆಂಡತಿ ಪೇಟೆಯೋಳು. "ಏನ್ರೀ, ಮನೆಯೊಳಗೆ ಕುರಿ ಕಟ್ಟಿದೀರಾ?" ಅಂತ ಮೂಗು ಮುಚ್ಕೊಂಡಳು. ಅಂಥವರಿದ್ದರೆ ಕಂಬಳಿಗೆ ಕೊಡೋ ನಂಬರು ಕಮ್ಮಿಯಾಗುತ್ತೆ, ಐದಕ್ಕೆ ನಾಲ್ಕು. ಬೆಳಿಗ್ಗೆ ಕಂಬಳಿ ಒಣಗಿತ್ತು, ನಾತ ಹೋಗಿತ್ತು.

ಮೊನ್ನೆ ಮತ್ತೆ ಮಳೆ ಬಂದಾಗ ಅವಳೇ ಓಡಿಹೋಗಿ ತಂತಿ ಮೇಲಿದ್ದ ಬಟ್ಟೆ ಎಲ್ಲ ಎತ್ಕೊಂಡು ಬಂದಳು. ಕಂಬಳಿ ಮಾತ್ರ ಮರೆತುಹೋಯ್ತಂತೆ.